ಸುಸ್ತಿನ ಬೀದಿ

ಊರಿನಲ್ಲಿ ಭೇದಿ ಹರಡುತ್ತಿತ್ತು. ಯಾವ ಬೀದಿಯಲ್ಲಿ ಕಾಯಿಲೆ ಹೆಚ್ಚೋ ಅಲ್ಲಿನ ನೀರಿನ ಪೈಪನ್ನು ಮೊದಲು ಅಗೆದು ನೋಡಬೇಕೆಂದು ತೀರ್ಮಾನವಾಗಿತ್ತು. ಆದರೆ ಆಸ್ಪತ್ರೆಯ ಹಿಂದಿನ ಬೀದಿಯ ಅಂಕಿಅಂಶ ಆರೋಗ್ಯಾಧಿಕಾರಿಯ ತಲೆಗೆ ಹುಳ ಬಿಟ್ಟಿತ್ತು. ಅಲ್ಲಿ ಭೇದಿಯೇ ಇಲ್ಲ, ಎಲ್ಲರಿಗೂ ಬರೀ ಸುಸ್ತು! ಎಳೆಮಕ್ಕಳಿಗೂ ಸುಸ್ತೇ?

ಆಕೆ ತಾವೇ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತರು. ಪಕ್ಕದಲ್ಲಿ ಒಬ್ಬ ಅಜ್ಜಿ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದರು.

“ಏನಾಗಿದೆ ಅಜ್ಜಿ ಮಗೂಗೆ?”

“ಸುಸ್ತು ಕಣಮ್ಮ.”

“ಸುಸ್ತು ಅಂದ್ರೆ? ಓಡಾಡಲ್ವಾ?”

ಅಜ್ಜಿ ಅಧಿಕಾರಿಯ ಕಿವಿಯತ್ತ ಬಾಗಿದರು. “ಬೆಳಗ್ಗಿಂದ ಟಾಯ್ಲೆಟ್ಟಿಗೇ ಓಡಾಡ್ತಿದಾಳೆ. ಮೆಲ್ಲಗೆ ಮಾತಾಡು ತಾಯಿ, ಹಿಂದೆ ನಮ್ಮ ಬೀಗರು ಕೂತಿದಾರೆ.”

ಅಧಿಕಾರಿ ಎದ್ದು ಹೋಗಿ ವಿಚಾರಿಸಿದಾಗ, ಸಾಲಿನೆದುರೇ ಮೇಜು ಹಾಕಿಕೊಂಡು ಕಾಯಿಲೆ ಕೇಳಿ ಬರೆದುಕೊಳ್ಳುತ್ತಿದ್ದ ನರ್ಸಕ್ಕನ ಮುಖ ಸಣ್ಣದಾಯಿತು.

“ಪಾಪ, ಎಲ್ಲರ ಮುಂದೆ ಮುಜುಗರ ಆಗ್ಬಾರ್ದು ಅಂತ ಅವರು ಹೇಳಿದ್ದನ್ನೇ ಬರೀತಿದ್ದೆ ಮೇಡಂ. ಒಳಗೆ ಡಾಕ್ಟರು ಸರಿಯಾದ ಔಷಧಿನೇ ಕೊಡ್ತಿದ್ರು.”

“ಔಷಧಿ ಸರಿ ನರ್ಸಕ್ಕ. ಆದ್ರೆ ಸುಸ್ತಿಗೆ ಯಾರಾದ್ರೂ ಪೈಪ್ ಅಗೀತಾರಾ? ಅದೇ ನೀರು ಕುಡಿದು ನಾಳೆ ಇನ್ನೊಂದು ಮಗು ಬರುತ್ತೆ.”

ಬೈಯಲು ಮಾತ್ರ ಅವರಿಗೆ ಬಾಯಿ ಬರಲಿಲ್ಲ. ಇಬ್ಬರೂ ಸೇರಿ ಮೇಜನ್ನು ಒಳಕೋಣೆಗೆ ಎಳೆದರು. ಬಾಗಿಲು ಮುಚ್ಚಿ ಮೆಲ್ಲಗೆ ಕೇಳಿದಾಗ ಒಬ್ಬೊಬ್ಬರ ಸುಸ್ತೂ ಭೇದಿಯಾಯಿತು. ಸಂಜೆಯ ಹೊತ್ತಿಗೆ ಪೈಪ್ ಅಗೆಯುವ ಸರದಿಯಲ್ಲಿ ಆ ಬೀದಿಯೇ ಎಲ್ಲಕ್ಕಿಂತ ಮುಂದಿತ್ತು.