ಮುರಕಲ್ಲು ಬ್ಯಾಂಡಿನ ಕೊನೆಯ ಹಾಡು

ಹತ್ತು ಹಾಡಿನ ಆಲ್ಬಮ್ ಮಾಡುವ ಎಂದು ನಾನು ಹೇಳಿದಾಗ ಕುಶಾಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಕಡಬ ಪೇಟೆಯಲ್ಲಿ ಹಂಝನ ಬೈಕ್ ಬಿಡಿಭಾಗದ ಅಂಗಡಿಯೊಳಗೆ ಮೂವರೂ ಕೂತಿದ್ದೆವು. ಪುತ್ತೂರಿನಲ್ಲಿ ಕಾಲೇಜು ಓದುವಾಗ ನಾವೇ ಕಟ್ಟಿದ ರಾಕ್ ಬ್ಯಾಂಡ್ 'ಮುರಕಲ್ಲು'. ನನ್ನದು ಗಿಟಾರು ಮತ್ತು ಹಾಡು, ಹಂಝನದು ಬೇಸ್ ಗಿಟಾರು, ಕುಶಾಲಪ್ಪನದು ಡ್ರಮ್ಸ್. ಆ ಕಾಲಕ್ಕೆ ಒಂದು ಕ್ಯಾಸೆಟ್ಟನ್ನೂ ತಂದಿದ್ದೆವು. ಈಗ ನನ್ನ ಮತ್ತು ಕುಶಾಲಪ್ಪನ ತಲೆ ನರೆತಿದೆ. ಹಂಝನಿಗೆ ನರೆಯಲು ಕೂದಲೇ ಉಳಿದಿಲ್ಲ.

"ಯಾರಿಗೆ ಮಾರಾಯ ಈಗ ಪುರ್ಸೊತ್ತು?" ಎಂದ ಕುಶಾಲಪ್ಪ. "ಒಂದು ಹಾಡು ಬಿಡುವ, ಸಾಕು. ಜನ ಅದನ್ನೂ ಅರ್ಧ ಕೇಳಿ ಮುಂದೆ ತಳ್ಳುದು."

"ಪಂಕ್ತಿಯಲ್ಲಿ ಕೂತವ ಪಾಯಸ ಬರುವ ಮೊದಲು ಏಳ್ತಾನಾ?" ಎಂದೆ. ನನ್ನ ಪ್ರಕಾರ ಆಲ್ಬಮ್ ಎಂದರೆ ಬಾಳೆಲೆ ಊಟ. ಉಪ್ಪಿನಕಾಯಿಗೆ ಅದರ ಜಾಗ, ಸಾರಿಗೆ ಅದರ ಸರದಿ. ಎಲ್ಲ ಆದ ಮೇಲೆ ಬರುವ ಪಾಯಸಕ್ಕೆ ಒಂದು ಗತ್ತು ಇರುತ್ತದೆ.

"ಪಂಕ್ತಿ ಈಗ ಎಲ್ಲುಂಟು ಕೃಷ್ಣಮೋಹನ? ಎಲ್ಲ ಬಫೆ. ಐಸ್‌ಕ್ರೀಮ್ ತಿಂದು ಕಾರು ಹತ್ತುದು," ಎಂದ ಕುಶಾಲಪ್ಪ.

ಹಂಝನೂ ನಕ್ಕ. ನನಗೆ ಮೈ ಉರಿಯಿತು. ಬರುವವರು ಬನ್ನಿ, ಬಾರದವರಿಗೆ ದೊಡ್ಡ ನಮಸ್ಕಾರ ಎಂದು ಎದ್ದು ಬಂದೆ.

ಹಂಝ ರೆಕಾರ್ಡಿಂಗಿಗೆ ಬಂದ. ಕುಶಾಲಪ್ಪ ಬರಲಿಲ್ಲ. ಒಂಬತ್ತು ಹಾಡಿಗೆ ಕಂಪ್ಯೂಟರಿನ ಡ್ರಮ್ಮನ್ನೇ ಹಾಕಿಸಿದೆ. ಹತ್ತನೆಯದಕ್ಕೆ ಮಾತ್ರ ಮನಸ್ಸು ಬರಲಿಲ್ಲ. ಅದು ಬಿರುಮಲೆ ಗುಡ್ಡೆಯ ಮೇಲೆ ಕೂತು ನಾವು ಮೂವರು ಕಟ್ಟಿದ ಮೊದಲ ಹಾಡು. ಕ್ಯಾಸೆಟ್ಟಿನಲ್ಲಿ ಅದಕ್ಕೆ ಜಾಗ ಸಿಕ್ಕಿರಲಿಲ್ಲ. ಅದನ್ನು ಡ್ರಮ್ ಇಲ್ಲದೆಯೇ ಹಾಡಿ, ಪಾಯಸದ ಹಾಗೆ ಕೊನೆಗೆ ಇಟ್ಟೆ.

ಆಲ್ಬಮ್ಮನ್ನು ಇಂಟರ್ನೆಟ್ಟಿಗೆ ಬಿಟ್ಟೆ. ಮೊಬೈಲಿನ ಆ್ಯಪಿನಲ್ಲಿ ಯಾವ ದಿನ ಯಾವ ಹಾಡನ್ನು ಎಷ್ಟು ಜನ ಕೇಳಿದರೆಂದು ಕಾಣುತ್ತದೆ. ಅದನ್ನು ನೋಡುವ ಚಟ ಯಾವ ವೈರಿಗೂ ಬೇಡ. ಮೊದಲ ಹಾಡಿಗೆ ಸುಮಾರು ಜನ ಬಂದರು. ಎರಡನೆಯದಕ್ಕೆ ಅರ್ಧಕ್ಕರ್ಧ ಎದ್ದುಹೋದರು. ಐದನೆಯದರ ಹೊತ್ತಿಗೆ ಪಂಕ್ತಿಯೇ ಖಾಲಿ. ಕೊನೆಯ ಹಾಡು ಕೇಳಿದೆಯಾ ಎಂದು ಹಂಝನನ್ನು ಕೇಳಿದರೆ, "ನಾನೇ ಬಾರಿಸಿದ್ದಲ್ವಾ, ಇನ್ನೆಂತ ಕೇಳುದು?" ಎಂದ. ಪುತ್ತೂರಿನ ನನ್ನ ಕೋಣೆಗೆ ಗಿಟಾರು ಕಲಿಯಲು ಬರುವವರೂ "ಸೂಪರ್ ಉಂಟು ಸರ್" ಎಂದರು. ಯಾವುದು ಎಂದರೆ ಎಲ್ಲರ ಬಾಯಲ್ಲೂ ಮೊದಲನೆಯದೇ. ಕ್ಲಾಸು ಮುಗಿದು ಅವರೆಲ್ಲ ಇಳಿದುಹೋದ ಮೇಲೆ ಕೋಣೆಯಲ್ಲಿ ನಾನೊಬ್ಬನೇ. ಮದುವೆಯಾಗದೆ ಉಳಿದಾಗಲೂ ಅಷ್ಟು ಒಂಟಿ ಅನಿಸಿರಲಿಲ್ಲ. ಊಟ ಬಡಿಸಿ, ಸೌಟು ಹಿಡಿದು, ಬರಿಯ ಎಲೆಗಳ ಮುಂದೆ ನಿಂತವನ ಪಾಡು ನನ್ನದು.

ಆಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಹತ್ತನೆಯ ಹಾಡನ್ನು ಯಾರೋ ಒಬ್ಬರು ಕೇಳುತ್ತಿದ್ದರು, ಅದೂ ದಿನ ಬಿಟ್ಟು ದಿನ. ಒಂದು ದಿನ ಉಂಟು, ಮರುದಿನ ಇಲ್ಲ, ಅದರ ಮರುದಿನ ಮತ್ತೆ ಉಂಟು. ನಡುವೆ ಅಕಾಲ ಮಳೆ ಸುರಿದ ಬೆಳಿಗ್ಗೆ, ಸರದಿ ಇದ್ದರೂ ಇರಲಿಲ್ಲ. ನಮ್ಮ ಕಡೆಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ದಿನ ಬಿಟ್ಟು ದಿನ ಕೆಲಸ, ಮಳೆ ಬಂದರೆ ರಜೆ ಎಂದರೆ ಅದು ರಬ್ಬರ್ ಟ್ಯಾಪಿಂಗ್, ಮರದ ತೊಗಟೆ ಕೊರೆದು ಹಾಲು ಇಳಿಸುವ ಕೆಲಸ. ನನ್ನ ಪರಿಚಯದಲ್ಲಿ ತನ್ನ ಮರಗಳಿಗೆ ತಾನೇ ಕತ್ತಿ ಹಾಕುವವನು ಒಬ್ಬನೇ.

ಸರದಿಯ ದಿನ ನೋಡಿ ಮೊದಲ ಬಸ್ಸಿಗೆ ಕಡಬಕ್ಕೆ ಹೋದೆ. ಅಲ್ಲಿಂದ ಜೀಪು ಹಿಡಿದು ಇಚಿಲಂಪಾಡಿಯಲ್ಲಿ ಇಳಿದೆ. ಕುಶಾಲಪ್ಪ ತನ್ನ ತೋಟದಲ್ಲಿ ಬಕೆಟ್ ಹಿಡಿದು ಮರದಿಂದ ಮರಕ್ಕೆ ಹೋಗುತ್ತಿದ್ದ. ಮರಕ್ಕೆ ಕಟ್ಟಿದ ತೆಂಗಿನ ಗೆರಟೆಯಲ್ಲಿ ತುಂಬಿದ ರಬ್ಬರ್ ಹಾಲನ್ನು ಸುರಿದು, ತಳವನ್ನು ಬೆರಳಿನಿಂದ ಬಳಿದು ತೆಗೆಯುತ್ತಿದ್ದ. ಕಿವಿಯಲ್ಲಿ ಇಯರ್‌ಫೋನ್, ಅಂಗಿಯ ಕಿಸೆಯಲ್ಲಿ ಮೊಬೈಲ್. ನನ್ನನ್ನು ಕಂಡು ಮೊಣಕೈಯಲ್ಲೇ ಸನ್ನೆ ಮಾಡಿದ.

"ನಿಲ್ಲು, ಮುಗೀಲಿ," ಎಂದು ಊರಿಗೆಲ್ಲ ಕೇಳುವಂತೆ ಕೂಗಿದ.

ನಿಂತೆ. ಹಾಲನ್ನು ತಟ್ಟೆಗಳಿಗೆ ಸೋಸಿ, ಹೆಪ್ಪುಗಟ್ಟಲು ಆ್ಯಸಿಡ್ ಬೆರೆಸಿ ಇಟ್ಟ. ಬೆರಳಿಗೆ ಅಂಟಿದ್ದ ರಬ್ಬರನ್ನು ಸುಲಿದು, ನಳ್ಳಿಯಲ್ಲಿ ಕೈ ತೊಳೆದು, ಬೈರಾಸಿನಲ್ಲಿ ಒರೆಸಿಕೊಂಡು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ. ಆಮೇಲೂ ಸ್ವಲ್ಪ ಹೊತ್ತು ಇಯರ್‌ಫೋನ್ ತೆಗೆಯಲಿಲ್ಲ. ಕಣ್ಣು ಮುಚ್ಚಿದ್ದ. ಬೆರಳುಗಳು ತೊಡೆಯ ಮೇಲೆ ಬಡಿಯುತ್ತಿದ್ದವು. ಕಡೆಗೆ ಇಯರ್‌ಫೋನ್ ಕಿತ್ತು, "ಚಾ ಕುಡಿಯುವನಾ?" ಎಂದ.

"ಆಲ್ಬಮ್ ಇಡೀ ಕೇಳ್ತಿಯಾ ನೀನು?"

"ಕೇಳದೆ ಎಂತ ಮಾಡುದು? ಶುರು ಮಾಡಿ ಕಿಸೆಗೆ ಹಾಕಿದ್ರೆ ಮುಗೀತು. ಕೈಯೆಲ್ಲ ಹಾಲು ಮೆತ್ತಿರ್ತದೆ, ಮೊಬೈಲ್ ಮುಟ್ಲಿಕ್ಕೆ ಆಗುದಿಲ್ಲ. ಬಂದದ್ದನ್ನೆಲ್ಲ ಕೇಳುದು. ನಡುವೆ ಎರಡು ಹಾಡು ಬರೀ ಬೋರು. ಆ ಮಿಶನ್ ಡ್ರಮ್ ಅಂತೂ ಕರ್ಮ ಮಾರಾಯ."

ಇಡೀ ಲೋಕದಲ್ಲಿ ನನಗೆ ಸಿಕ್ಕ ಒಬ್ಬನೇ ಕೇಳುಗ, ಅವನೂ ಕೈ ಅಂಟಾದ ಕಾರಣಕ್ಕೆ ಕೇಳಿದವನು. ಇದಕ್ಕಾಗಿಯೇ ಬಸ್ಸು, ಜೀಪು ಹತ್ತಿ ಬಂದೆನೇ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಚಾ ಬೇಡ ಎಂದು ಹೊರಟವನು ನಾಲ್ಕು ಹೆಜ್ಜೆ ಹೋಗಿ ತಿರುಗಿದೆ.

"ಕೊನೆಯದನ್ನೂ ಹಾಗೆಯೇ ಕೇಳುದಾ? ಬೇರೆ ದಾರಿ ಇಲ್ಲದೆ?"

ಕುಶಾಲಪ್ಪ ತನ್ನ ಎರಡೂ ಅಂಗೈ ಮಗುಚಿ ನೋಡಿಕೊಂಡ.

"ಅದು ಬರುವಾಗ ಕೈ ತೊಳ್ದಾಗಿರ್ತದೆ," ಎಂದ.