ಬಲಕ್ಕೆ ವಾಲಿದ ಕೂಳೆ

ಊರಿನ ಕುಡುಗೋಲುಗಳೆಲ್ಲ ಕಮ್ಮಾರನ ಕುಲುಮೆಯ ಹಿಂದಿನ ಕೋಣೆಯಲ್ಲಿ ಬಿದ್ದಿದ್ದವು, ಹೊರಗೆ ಬೀಗ. ಗೇಣಿ ಇಳಿಸುವ ತನಕ ಧಣಿಯ ಪೈರಿಗೆ ಯಾರೂ ಕೈ ಹಾಕಬಾರದೆಂದು ಒಕ್ಕಲು ಮಂದಿ ತೀರ್ಮಾನಿಸಿದ್ದರು. ಒಬ್ಬರ ಮೇಲೊಬ್ಬರಿಗೆ ನಂಬಿಕೆ ಸಾಲದೆ ಕುಡುಗೋಲನ್ನೇ ಒತ್ತೆ ಇಟ್ಟಿದ್ದರು. ಆ ಉಪಾಯ ಹೇಳಿಕೊಟ್ಟವನು ಕಮ್ಮಾರನ ಹೆಂಡತಿಯ ತಮ್ಮ, ಎಡಚ. ಕೀಲಿ ಭಾವನ ಹತ್ತಿರವೇ ಇರಲಿ ಎಂದವನೂ ಅವನೇ.

ಐದನೆಯ ದಿನ ಬೆಳಿಗ್ಗೆ ನೋಡಿದರೆ ಕಾಲುವೆ ಪಕ್ಕದ ಧಣಿಯ ಗದ್ದೆಯ ಒಂದು ಮೂಲೆ ಕೊಯ್ಲಾಗಿತ್ತು.

ಜನ ಕುಲುಮೆಗೆ ಮುತ್ತಿಕೊಂಡರು.

"ಬೀಗ ಹಾಗೇ ಇದೆ. ಕುಡುಗೋಲಿಗೇನು ರೆಕ್ಕೆ ಬಂತಾ ಮಾವ?" ಎಂದಳು ಪಕ್ಕದ ಮನೆಯ ಬಾಯಿಬಡುಕಿ.

"ನಾನು ಬಾಗಿಲೇ ತೆಗೆದಿಲ್ಲ ತಾಯಿ."

ಎಡಚ ಹಿಂದಿನಿಂದ ಕೂಗಿದ: "ಭಾವ ಅಂತ ನಾನೂ ಬಿಡಲ್ಲ. ಕೀಲಿ ಯಾರ ಸೊಂಟದಲ್ಲಿದೆಯೋ ಅವರೇ ಉತ್ತರ ಹೇಳ್ಲಿ!"

ಹೆಸರು ಹೋದರೆ ಈ ಊರಲ್ಲಿ ಕಮ್ಮಾರನ ಕೈಗೆ ಯಾರೂ ತುಂಡು ಕಬ್ಬಿಣ ಕೊಡುವುದಿಲ್ಲ. ಅವನು ನೇರ ಗದ್ದೆಗೆ ನಡೆದ. ಊರೂ ಹಿಂದೆ ಬಂತು.

ಕುಕ್ಕರಗಾಲಲ್ಲಿ ಕೂತು, ಕೊಯ್ದ ಪೈರಿನ ಬುಡದಲ್ಲಿ ಉಳಿದ ಕೂಳೆಯನ್ನು ಬೆರಳಿನಿಂದ ಸವರಿದ. ಬಲಗೈಯವರು ಕೊಯ್ದರೆ ಕೂಳೆಯ ತುದಿ ಎಡಕ್ಕೆ ಓರೆಯಾಗಿರುತ್ತದೆ. ಇದು ಬಲಕ್ಕೆ ವಾಲಿತ್ತು. ಎಡಗೈ ಕುಡುಗೋಲು ಅವನು ಮಾಡಿಕೊಟ್ಟಿದ್ದು ಒಬ್ಬನಿಗೇ. ಹೋದ ವರ್ಷ ಅದು ಕಳೆದುಹೋಯಿತು ಎಂದಾಗ ಇನ್ನೊಂದು ಮಾಡಿಕೊಟ್ಟಿದ್ದ; ಬೀಗದೊಳಗೆ ಇರುವುದು ಆ ಎರಡನೆಯದು.

"ಕಳೆದದ್ದು ಸಿಕ್ತೇನೋ?" ಎಂದ, ತಲೆ ಎತ್ತದೆ.

ಎಲ್ಲರೂ ಕೂಳೆ ನೋಡಿದರು, ಎಡಚನ ಕೈ ನೋಡಿದರು.

"ಅಕ್ಕನ ಮುಖ ನೋಡಿ ಬಿಟ್ಬಿಡು ಭಾವ," ಎಂದು ಎಡಚ ಗೊಣಗಿದ. "ಮೊದಲು ಕೊಯ್ಲಿಗೆ ಇಳಿದ ಹತ್ತು ಮನೆಗೆ ಗದ್ದೆ ಬರೆದುಕೊಡ್ತಾರಂತೆ ಧಣಿ. ಉಳಿದವರನ್ನ ಗದ್ದೆಯಿಂದ ಎಬ್ಬಿಸ್ತಾರಂತೆ. ನಾನು ಮಕ್ಕಳೊಂದಿಗೆ ಎಲ್ಲಿಗೆ ಹೋಗ್ಲಿ?"

ಇವನಿಗೆ ಈಗ ನಾಲ್ಕು ಬೀಳುತ್ತವೆ ಎಂದುಕೊಂಡ ಕಮ್ಮಾರ. ಯಾರ ಕೈಯೂ ಏಳಲಿಲ್ಲ. ಬಾಯಿಬಡುಕಿ ಸದ್ದಿಲ್ಲದೆ ಊರ ಕಡೆ ತಿರುಗಿದಳು. ಅವಳ ಹಿಂದೆ ಗಂಡ. ಆಮೇಲೆ ಇನ್ನಿಬ್ಬರು. ಬದು ಹತ್ತುವಷ್ಟರಲ್ಲಿ ನಡಿಗೆ ಓಟವಾಗಿತ್ತು.

ಕಮ್ಮಾರ ತಲುಪಿದಾಗ ಕೋಣೆಯ ಮುಂದೆ ನೂಕುನುಗ್ಗಲು.

"ಬೇಗ ತೆಗಿ ಮಾವ," ಎಂದಳು ಬಾಯಿಬಡುಕಿ, ಅವನ ಮುಖ ತಪ್ಪಿಸಿ. "ನಿನ್ನ ಮೇಲೆ ಅನುಮಾನ ಇಲ್ಲಪ್ಪ. ಒಂಬತ್ತು ಮನೆಗಷ್ಟೇ ಜಾಗ ಉಳಿದಿರೋದು."

"ತೆಗೆಯಲ್ಲ," ಎಂದ ಕಮ್ಮಾರ.

ಯಾರೋ ಅವನದೇ ಸುತ್ತಿಗೆ ತಂದು ಬೀಗಕ್ಕೆ ಬಡಿದರು.