ನಾಲ್ಕು ಸಾಲಿನ ಕಡಲೆ

ಮೊರದ ಅಂಚಿಗೆ ಒಂದು ಹುಳವೂ ಏರಿರಲಿಲ್ಲ.

ಕಾಜಲ್ ಕಡಲೆ ಕುಡಿಗಳನ್ನು ಇನ್ನೊಮ್ಮೆ ತೆಳ್ಳಗೆ ಹರವಿ, ಕೈ ಹಿಂದೆ ತೆಗೆದುಕೊಂಡು ಕಾದಳು. ಹೊಲದಿಂದ ಚಿವುಟಿ ತಂದ ಎಳೆ ಕುಡಿಗಳನ್ನು ಮೊರಕ್ಕೆ ಹಾಕಿ ಸ್ವಲ್ಪ ಹೊತ್ತು ಬಿಸಿಲಿಗೆ ಇಟ್ಟರೆ ಒಳಗಿನ ಹಸಿರು ಹುಳಗಳು ತಾವಾಗಿಯೇ ಅಂಚಿಗೆ ಬರುತ್ತವೆ. ಒಂದೊಂದನ್ನೇ ಕಡ್ಡಿಯಿಂದ ಎತ್ತಿ ಕೋಳಿಗಳಿಗೆ ಎಸೆದರಾಯಿತು. ಹತ್ತನೆಯ ವರ್ಷದಿಂದ ಅವಳು ಮಾಡಿಕೊಂಡು ಬಂದ ಕೆಲಸ ಅದು. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟ ಮೇಲಂತೂ ತವರಾದ ಕರಜಗಿಯಲ್ಲಿ ಅವ್ವನ ಜೊತೆ ಹೊಲ ಹೊಲ ತಿರುಗಿ ಕುಡಿ ಚಿವುಟಿ, ಜತ್ತಿನ ಸಂತೆಗೆ ಗಂಟು ಕಟ್ಟುತ್ತಿದ್ದಳು. ಲೆಕ್ಕದ ಪುಸ್ತಕದಲ್ಲಿ ಎಡವಿದವಳು ಪಲ್ಯದಲ್ಲಿ ಎಂದೂ ಎಡವಿರಲಿಲ್ಲ.

ಇವತ್ತೂ ಹುಳ ಇದ್ದವು. ಆರೋ ಏಳೋ. ಎಲೆಗಳ ನಡುವೆ ನೂಲಿನ ತುಂಡುಗಳಂತೆ ಬಿದ್ದಿದ್ದವು. ಕಸಬರಿಗೆಯ ಕಡ್ಡಿಯಿಂದ ಒಂದನ್ನು ಮುಟ್ಟಿದಳು. ಅದು ಮುದುಡಲಿಲ್ಲ. ಬೆರಳನ್ನು ಮೂಗಿನ ಹತ್ತಿರ ತಂದಳು. ಕಡಲೆಯ ಹುಳಿಯ ವಾಸನೆ ಇತ್ತು. ಅದರ ಕೆಳಗೆ ಇನ್ನೊಂದು ವಾಸನೆ, ದಾಳಿಂಬೆ ತೋಟದಿಂದ ಬಂದ ದಿನ ಗಂಡನ ಅಂಗಿಯಲ್ಲಿ ಬರುವಂಥದ್ದು.

"ಏ ಕಾಜಲ್, ಹುಳಾ ಆರಸ್ಲಾಕತ್ತಿಯೋ, ಅವಕ್ಕ ಹೆಸರ ಇಡ್ಲಾಕತ್ತಿಯೋ? ಲಗೂನ ತಾ ಇಲ್ಲಿ. ಬ್ಯಾಳಿ ಕುದ್ದು ಗಂಜಿ ಆತು!" ಅಡುಗೆಮನೆಯಿಂದ ಅತ್ತೆ ದುಂಡವ್ವ ಕೂಗಿದಳು.

ದುಂಡವ್ವನ ಹುರುಪಿಗೆ ಕಾರಣವಿತ್ತು. ಐದು ತಿಂಗಳ ಬಸುರಿ ಮಗಳು ಶಾಂತಾದೇವಿ ಮುಂಜಾನೆಯ ಬಸ್ಸಿಗೆ ವಿಜಯಪುರದಿಂದ ಮುಚ್ಚಂಡಿಗೆ ಬಂದಿಳಿದಿದ್ದಳು. ಚೀಲ ಕೆಳಗಿಡುವ ಮೊದಲೇ "ಯವ್ವಾ, ಕಡ್ಲಿ ಪಲ್ಯ ಮಾಡು" ಅಂದಿದ್ದಳು. ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆಂದು ನಂಬಿದ ಮನೆ. ದುಂಡವ್ವ ಚಹಾ ಕೂಡ ಕುಡಿಯದೆ ಹೊಲಕ್ಕೆ ಹೋಗಿ, ಉಡಿ ತುಂಬ ಕುಡಿ ಚಿವುಟಿಕೊಂಡು ಬಂದಿದ್ದಳು.

ಕಾಜಲ್ ಮದುವೆಯಾಗಿ ಈ ಮನೆಗೆ ಬಂದು ಆರು ತಿಂಗಳು. ಆರು ತಿಂಗಳಲ್ಲಿ ಅವಳು ಹೆಚ್ಚಾಗಿ ಆಡಿದ್ದು ಎರಡೇ ಮಾತು, ಹೂನ್ರಿ ಮತ್ತು ಇಲ್ರಿ. "ನಮ್ಮ ಸೊಸಿ ಬಾಯಿಗೆ ಕೀಲಿ ಹಾಕ್ಕೊಂಡ ಬಂದಾಳ, ಕೀಲಿಕೈ ತವರಮನ್ಯಾಗ ಬಿಟ್ಟಾಳ" ಎಂದು ದುಂಡವ್ವ ಓಣಿಯವರ ಮುಂದೆ ನಗುತ್ತಿದ್ದಳು. ಆ ನಗೆಯಲ್ಲಿ ಸಿಟ್ಟು ಇರುತ್ತಿರಲಿಲ್ಲ. ಆದರೆ ಬಾಯಿಲ್ಲದ ಸೊಸೆಯನ್ನು ಯಾವುದಕ್ಕೂ ಕೇಳುವ ರೂಢಿಯೂ ಆ ಮನೆಯಲ್ಲಿ ಬೆಳೆದಿರಲಿಲ್ಲ.

ಕಾಜಲ್ ಮೊರ ಎತ್ತಿಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು.

"ಅತ್ತಿ, ಈ ಪಲ್ಯ ಯಾವ ಕಡಿಂದ ಚಿವುಟಿದ್ರಿ?"

"ಯಾವ ಕಡಿಂದಂದ್ರ? ನಮ್ಮ ಹೊಲದ್ದ. ಇಮಾಮಣ್ಣನ ದಾಳಿಂಬ್ರಿ ತ್ವಾಟದ ಮಗ್ಗಲ, ಒಡ್ಡಿನ ಸಾಲಾಗಿಂದು. ಕೇಳೂದ ನೋಡು, ಪಹಣಿ ಬರಿಯೂ ತಲಾಟಿ ಕೇಳಿದಂಗ!"

ಕಂಬಕ್ಕೆ ಒರಗಿ ಕೂತಿದ್ದ ಶಾಂತಾದೇವಿ ನಕ್ಕಳು. "ಕೇಳ್ಲಿ ಬಿಡ ಯವ್ವಾ. ಆರ ತಿಂಗಳಿಗೆ ಒಂದ ಉದ್ದನ್ನ ಮಾತ ಬಂತು."

ಕಾಜಲ್‌ಳ ಕಿವಿ ಬಿಸಿಯಾದವು. "ಇವತ್ತೊಂದಿನ ತೊಳದ ಹಾಕೂಣೇನ್ರಿ?" ಅಂದಳು.

ದುಂಡವ್ವ ಸೌಟು ಕೆಳಗಿಟ್ಟಳು. "ಕಡ್ಲಿ ಪಲ್ಯ ತೊಳೀತಾರೇನ? ತೊಳದ್ರ ಹುಳಿ ಎಲ್ಲಿ ಉಳೀತದ? ನಮ್ಮತ್ತಿ ಕಾಲದಿಂದ ಈ ಮನ್ಯಾಗ ಯಾರೂ ತೊಳದಿಲ್ಲ. ನಿಮ್ಮ ಕರಜಗ್ಯಾಗ ತೊಳೀತಾರೇನ?"

"ಇಲ್ರಿ."

"ಮತ್ತ?"

ತೊಳೆದರೆ ಸಾಕೆಂದು ಕಾಜಲ್‌ಗೂ ಅನಿಸಿರಲಿಲ್ಲ, ಅದು ಹೆದರಿಕೆಗೆ ಆಡಿದ ಮಾತು. ಮೊರ ಹಿಡಿದುಕೊಂಡೇ ಹಿತ್ತಲಿಗೆ ನಡೆದಳು.

ಗಂಡ ಕಲ್ಮೇಶ ಅಲ್ಲಿ ಔಷಧದ ಪಂಪಿನ ಮೂತಿಗೆ ತಂತಿ ಚುಚ್ಚಿ ಕಸ ತೆಗೆಯುತ್ತಿದ್ದ. ತಮ್ಮ ಹೊಲದ ಕೆಲಸ ಇಲ್ಲದ ದಿನ ಅವನು ಇಮಾಮಣ್ಣನ ತೋಟಕ್ಕೆ ಔಷಧ ಹೊಡೆಯಲು ಹೋಗುತ್ತಿದ್ದ.

"ನಿನ್ನಿ ತ್ವಾಟದಾಗ ಔಷಧ ಉಳದಿತ್ತೇನ್ರಿ?"

"ಯಾಕ?"

ಅವಳು ಮೊರ ಮುಂದೆ ಹಿಡಿದಳು. ಕಲ್ಮೇಶ ಹುಳಗಳನ್ನು ನೋಡಿದ. ಅಡುಗೆಮನೆಯ ಕಡೆ ನೋಡಿದ. ದನಿ ಇಳಿಸಿ ಹೇಳಿದ: "ಅರ್ಧಾ ಪಂಪ ಉಳದಿತ್ತು. ಅಷ್ಟ ತುಟ್ಟಿ ಔಷಧ, ಚೆಲ್ಲೂದ್ಯಾಕ ಅಂತ ಒಡ್ಡಿನ ಮಗ್ಗಲ ನಮ್ಮ ನಾಕ ಸಾಲಿಗೆ ಹೊಡದ ಬಂದೆ. ಪಲ್ಯ ಚಿವುಟಿ ಮುಗಿಯೂತನಾ ಹೊಡಿಬ್ಯಾಡ ಅಂದಿದ್ಲು ಅವ್ವ. ಗೊತ್ತಾದ್ರ ಊರ ಒಂದ ಮಾಡ್ತಾಳ. ನೀ ಉಪ್ಪಿನ ನೀರಾಗ ಎರಡ ಸಲ ಚಲೋತ್ನಂಗ ತೊಳದ ಹಾಕಿಬಿಡು."

"ಅತ್ತಿ ತೊಳ್ಯಾಕ ಬಿಡೂದಿಲ್ರಿ."

"ಅಕಿ ಕಣ್ಣ ತಪ್ಪಿಸಿ ತೊಳಿ. ಏನ ಆಗೂದಿಲ್ಲ."

ಔಷಧ ಹೊಡೆದ ಮೇಲೆ ಇಮಾಮಣ್ಣ ತೋಟದ ಬಾಯಿಗೆ ಹಗ್ಗ ಕಟ್ಟಿ, ದಿನ ತುಂಬುವ ತನಕ ಒಂದು ಹಣ್ಣನ್ನೂ ಹರಿಯಗೊಡುವುದಿಲ್ಲ ಎಂದು ಅವಳಿಗೆ ಹೇಳಿದವನು ಇವನೇ. ಮದುವೆಯಾದ ಹೊಸದರಲ್ಲಿ ತೋಟ ತೋರಿಸಲು ಕರೆದೊಯ್ದಾಗ, ಅವಳು ಒಂದು ಕಾಯಿಗೆ ಕೈ ಚಾಚಿದಾಗ ಹೇಳಿದ್ದ.

"ಇದು ಒಲಿ ಏರೂದಿಲ್ರಿ," ಅಂದಳು.

ಮೊರ ಎತ್ತಿಕೊಂಡು ಒಳಗೆ ನಡೆದಳು.

ಒಳಗೆ ಬೋಗುಣಿಯ ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಾಗುತ್ತಿತ್ತು. ದುಂಡವ್ವ ತಿರುಗಿ ನೋಡದೆಯೇ ಮೊರಕ್ಕೆ ಕೈ ಚಾಚಿ ಹಿಡಿದು ಎಳೆದಳು. ಮೊರ ಬರಲಿಲ್ಲ. ಆಗ ತಿರುಗಿದಳು. ಒಂದು ಮೊರಕ್ಕೆ ನಾಲ್ಕು ಕೈ.

"ಬಿಡ್ತಿಯೋ ಇಲ್ಲೋ?"

"ಇದಕ್ಕ ಔಷಧ ಹೊಡದದ ಅತ್ತಿ. ಹುಳಾ ಎಲ್ಲಾ ಸತ್ತಾವ. ಅಕ್ಕಗ ಇದನ್ನ ಉಣಸೂದು ಬ್ಯಾಡ."

ಶಾಂತಾದೇವಿಯ ನಗೆ ನಿಂತಿತು. ಅವಳ ಕೈ ಹೊಟ್ಟೆಯ ಮೇಲೆ ಹೋಯಿತು.

"ಯಾರ ಹೊಡದಾರ? ನಮ್ಮ ಹೊಲಕ್ಕ ಬಂದು ಯಾರ ಹೊಡೀತಾರ?" ದುಂಡವ್ವನ ದನಿ ಏರಿತು. "ಬಸುರಿ ಮಗಳ ಬಾಯಿಗೆ ಬಂದ ತುತ್ತ ತಪ್ಪಸ್ತಿಯಲ್ಲ, ಯಾರ ಹೇಳಿದ್ರು ನಿನಗ?"

ಕಾಜಲ್ ಹಿತ್ತಲ ಬಾಗಿಲ ಕಡೆ ತಿರುಗಿದಳು. ಕಲ್ಮೇಶ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತಿದ್ದ. ಅವಳು ಬೆರಳು ಮಾಡಿ ತೋರಿಸಲಿಲ್ಲ, ಕಣ್ಣನ್ನೂ ಇಳಿಸಲಿಲ್ಲ. ಅತ್ತೆಯ ಮುಂದೆ ಗಂಡನ ಮುಖವನ್ನು ಅಷ್ಟು ಹೊತ್ತು ಅವಳು ಎಂದೂ ನೋಡಿರಲಿಲ್ಲ. ಎಣ್ಣೆಯಲ್ಲಿ ಬೆಳ್ಳುಳ್ಳಿ ಕಪ್ಪಾಯಿತು.

"ನಾನ ಹೊಡದೀನ್ ಬೇ," ಅಂದ ಕಲ್ಮೇಶ. "ನಿನ್ನಿ ಸಂಜಿಕ. ಉಳದಿತ್ತು ಅಂತ."

"ಖೋಡಿ! ಅಕ್ಕ ಬರ್ತಾಳಂತ ಗೊತ್ತಿತ್ತಿಲ್ಲ ನಿನಗ? ಚೆಲ್ಲಿದ್ರ ನಿಮ್ಮಪ್ಪನ ಗಂಟ ಹೋಗ್ತಿತ್ತೇನ? ಹೇಳಾಕರ ಏನಾಗಿತ್ತ ಬಾಯಿಗೆ?" ಎಂದು ಶುರು ಮಾಡಿದ ದುಂಡವ್ವ ನಡುವೆಯೇ ನಿಂತಳು. ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು. "ನನ್ನ ಕೈಲೆ ಚಿವುಟಿ ತಂದೀನಲ್ಲೋ," ಎಂದು ಗೋಡೆಗೆ ಒರಗಿ ಕುಳಿತಳು.

ಕಾಜಲ್ ಗ್ಯಾಸ್ ಒಲೆ ಆರಿಸಿದಳು. "ಮೊದಲ ಕೈ ತೊಳ್ಕೊರಿ ಅತ್ತಿ. ಸಾಬಾಣ ಹಚ್ಚಿ. ಸೀರಿನೂ ಬದಲ ಮಾಡ್ರಿ, ಉಡ್ಯಾಗ ಕಟ್ಕೊಂಡ ಬಂದೀರಿ." ತಂಬಿಗೆ ಹಿಡಿದು ನೀರು ಹಾಕಿದಳು. ಊರಿಗೆ ಬುದ್ಧಿ ಹೇಳುವ ದುಂಡವ್ವ ಬಚ್ಚಲ ಕಲ್ಲಿನ ಮೇಲೆ ಕೂತು ಮೊಣಕೈ ತನಕ ತೊಳೆದುಕೊಂಡಳು.

"ಆ ತಪ್ಪಲಾ ಎಮ್ಮಿಗರ ಹಾಕು," ಅಂದಳು ಕೊನೆಗೆ, ಮೆಲ್ಲಗೆ.

"ಎಮ್ಮಿಗೂ ಬ್ಯಾಡ್ರಿ."

ಹಿತ್ತಲಲ್ಲಿ ಮೊಣಕಾಲುದ್ದ ಗುಂಡಿ ತೋಡಿ ಮೊರವನ್ನು ಅದರೊಳಗೆ ಕೊಡವಿದಳು. ಮಣ್ಣು ಎಳೆದು ಕಾಲಿನಿಂದ ಒತ್ತಿ, ಮೊರವನ್ನೂ ತನ್ನ ಕೈಗಳನ್ನೂ ಸಾಬೂನು ಹಚ್ಚಿ ತೊಳೆದಳು. ಆಮೇಲೆ ಹಳೆಯ ಕೆಂಪು ಸೀರೆಯೊಂದನ್ನು ಹರಿದು ಪಟ್ಟಿ ಮಾಡಿಕೊಂಡು ಗಂಡನಿಗೆ, "ಮುಂದ ನಡೀರಿ. ಎಲ್ಲಿತನಾ ಹೊಡದೀರಿ ತೋರಸ್ರಿ," ಅಂದಳು.

ಹೂ ಬಿಡುವ ತನಕ ಯಾರ ಹೊಲದ ಕಡಲೆ ಕುಡಿಯನ್ನು ಯಾರು ಚಿವುಟಿದರೂ ಆ ಕಡೆ ಯಾರೂ ಬೇಡ ಅನ್ನುವುದಿಲ್ಲ. ಚಿವುಟಿದಷ್ಟು ಗಿಡ ಹಬ್ಬುತ್ತದೆ. ಇವತ್ತು ದುಂಡವ್ವ ಬಂದ ಸಾಲಿಗೆ ನಾಳೆ ಇನ್ನೊಬ್ಬರು ಬರುತ್ತಾರೆ. ನಾಲ್ಕು ಸಾಲಿನ ಎರಡೂ ತುದಿಗೆ ಜಾಲಿಯ ಗೂಟ ನೆಟ್ಟು ಪಟ್ಟಿ ಕಟ್ಟಿದರು.

"ಊರ ನಗತದ," ಕಲ್ಮೇಶ ಗೊಣಗಿದ.

"ನಗ್ಲಿ ಬಿಡ್ರಿ. ಕೇಳಿದವ್ರಿಗೆ ಯಾಕ ಅಂತ ಹೇಳ್ರಿ."

ಗಾಳಿ ಬೀಸಿ ಬರುವ ಕಡೆಗೆ, ಎರಡು ಹೊಲ ದಾಟಿ ಸಂಗವ್ವನ ಕಡಲೆ ಇತ್ತು. ಸಂಗವ್ವ ಬದುವಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಳು. "ಸಂಗವ್ವಾಯಿ, ನಿಮ್ಮ ಹೊಲಕ್ಕ ಔಷಧ ಹೊಡದೀರೇನ್ರಿ?" ಎಂದು ಕಾಜಲ್ ದೂರದಿಂದಲೇ ಕೇಳಿದಳು.

"ಎಲ್ಲೀದ ಔಷಧ ಬಿಡವಾ. ಹುಳಾ ಉಂಡ ಉಳದಿದ್ದು ನಾವ ಉಣ್ಣೂದು. ಚಿವುಟ್ಕೊ ಹೋಗು. ಏ ಕಲ್ಮೇಶಾ, ಹೇಣ್ತಿಗಿ ದನಿ ಅದಲ್ಲೋ! ಇಷ್ಟ ದಿನಾ ಎಲ್ಲಿ ಮುಚ್ಚಿಟ್ಟಿದ್ದಿ?"

ಕಾಜಲ್ ಬಗ್ಗಿದಳು. ಎರಡು ಬೆರಳಿನ ನಡುವೆ ಕುಡಿ ಚಟ್ಟನೆ ಮುರಿಯುತ್ತಿತ್ತು. ಕೈ ಗಿಡದಿಂದ ಗಿಡಕ್ಕೆ ತಾನಾಗಿ ಹೋಗುತ್ತಿತ್ತು. ಹತ್ತು ಗಿಡ ಆಗುವುದರೊಳಗೆ ಹುಳಿ ಉಗುರಿನ ಸಂದಿಗೆ ಇಳಿದು ಚುರುಚುರು ಅಂದಿತು. ಕಲ್ಮೇಶನೂ ಚಿವುಟತೊಡಗಿದ.

"ಕಡ್ಡಿ ಬ್ಯಾಡ್ರಿ, ಬರೇ ಕುಡಿ."

"ಹೂನ್ರಿ," ಅಂದ ಕಲ್ಮೇಶ, ಅವಳದೇ ದನಿಯಲ್ಲಿ. ಅವಳಿಗೆ ನಗು ಬಂತು. ಮುಖ ತಿರುಗಿಸಿಕೊಂಡಳು.

ಮನೆಗೆ ಬಂದು ಹುಳ ಆರಿಸಿ, ಕುಡಿಯನ್ನು ಸಣ್ಣಗೆ ಹೆಚ್ಚಿದಳು. ಕುದ್ದ ಬೇಳೆಗೆ ಎರಡು ಹಿಡಿ ಜೋಳದ ನುಚ್ಚು, ಉಪ್ಪಿನ ಜೊತೆ ಕುಟ್ಟಿದ ಹಸಿಮೆಣಸಿನಕಾಯಿ, ಮೇಲೆ ಕುಡಿ. ನೀರು ಎಷ್ಟು ಎಂದು ಯಾರನ್ನೂ ಕೇಳಲಿಲ್ಲ. ಪಲ್ಯ ಗಟ್ಟಿಯಾಗಿ ಸೌಟಿಗೆ ಹತ್ತುವಾಗ ಇನ್ನೊಂದು ಬೋಗುಣಿಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಕಾಯಿಸಿ ಸುರಿದಳು. ಚುಂಯ್ ಎಂದ ಸದ್ದಿಗೆ ಹೊರಗೆ ಕೂತ ಶಾಂತಾದೇವಿ ಕತ್ತು ಉದ್ದ ಮಾಡಿದಳು. ಬೇರೆ ಸೀರೆ ಉಟ್ಟು ಬಾಗಿಲಿಗೆ ಕೂತಿದ್ದ ದುಂಡವ್ವ ಎರಡು ಸಲ ಏಳಲು ಹೋಗಿ, ಎರಡು ಸಲವೂ ಹಾಗೇ ಕೂತಳು.

ಹೊತ್ತು ಬಾಗಿದ ಮೇಲೆ ತಾಯಿ ಮಕ್ಕಳು ಮೂವರೂ ಉಣ್ಣಲು ಕೂತರು. ಕಾಜಲ್ ತಾಟಿಗೆ ಪಲ್ಯ ಬಡಿಸಿ, ಒಲೆಯ ಮುಂದೆ ಹೋಗಿ ಹಿಟ್ಟಿನ ಮೇಲೆ ಕೈ ಇಟ್ಟಳು. ಶಾಂತಾದೇವಿ ಬಿಸಿ ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿ ಎತ್ತಿದಳು. ಬಾಯಿಯ ಹತ್ತಿರ ಬಂದ ತುತ್ತು ಅಲ್ಲೇ ನಿಂತಿತು. ತಾಯಿ ಪಕ್ಕದಲ್ಲೇ ಇದ್ದಳು. ಶಾಂತಾದೇವಿ ಅವಳನ್ನು ದಾಟಿ ಒಲೆಯ ಕಡೆ ನೋಡಿದಳು. ದುಂಡವ್ವನ ಕೈಯೂ ತಾಟಿನ ಮೇಲೆ ಹಾಗೇ ಇತ್ತು. ಅವಳೂ ಆ ಕಡೆಗೇ ನೋಡುತ್ತಿದ್ದಳು.

"ಉಣ್ರಿ ಅಕ್ಕಾ," ಅಂದಳು ಕಾಜಲ್, ರೊಟ್ಟಿ ಬಡಿಯುತ್ತಲೇ.

ಹೆಂಚಿನ ಮೇಲಿನ ರೊಟ್ಟಿ ತುಂಬ ಉಬ್ಬಿ ಬಂತು.